ದೊಡ್ಡಜ್ಜಿಯ ಹೆಸರಿನ ಪಹಣಿ

ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ಸಾಗರದ ಕಡೆಯ ನಮ್ಮ ದೀವರ ಮನೆಗಳಲ್ಲಿ ಹೆಂಗಸರು ಮಲಗುವುದಿಲ್ಲ. ಹೊಡೆ ತುಂಬಿ ನಿಂತ ಭತ್ತದ ಗದ್ದೆ ನಮಗೆ ಬಸುರಿ ಹೆಣ್ಣುಮಗಳು. ಅವಳ ಬಯಕೆ ತೀರಿಸಲು ರಾತ್ರಿಯಿಡೀ ಅಡುಗೆ. ಬಗೆಬಗೆಯ ಸೊಪ್ಪು ಹಾಕಿದ ಅಚ್ಚಂಬಲಿ ಬೇಯಬೇಕು, ಕೊಟ್ಟೆ ಕಡುಬು ಆಗಬೇಕು, ಅಮಟೆಕಾಯಿಯ ಪಲ್ಯ ಆಗಬೇಕು. ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿಗೆ ಅದನ್ನೆಲ್ಲ ತುಂಬಿಸಿಕೊಂಡು ಗಂಡಸರು ನಸುಕಿನಲ್ಲೇ ಗದ್ದೆಗೆ ಹೊರಡುತ್ತಾರೆ. ಅಲ್ಲಿಯವರೆಗೆ ಒಲೆಯ ಮುಂದೆ ಕೂತ ಹೆಂಗಸರ ನಡುವೆ ಕಥೆಗಳು ನಡೆಯುತ್ತವೆ.

ನನಗೆ ಆಗ ತಿಳಿವಳಿಕೆ ಬರುತ್ತಿದ್ದ ವಯಸ್ಸು. ಹಬ್ಬದ ಆ ರಾತ್ರಿ ದೊಡ್ಡಜ್ಜಿ ನಮ್ಮ ಮನೆಗೇ ಬಂದಿದ್ದಳು. ದೊಡ್ಡಜ್ಜಿ ಎಂದರೆ ನನ್ನ ಅಜ್ಜಿಯ ಅಕ್ಕ. ಇಬ್ಬರನ್ನೂ ವರದಾ ಹೊಳೆಯ ದಂಡೆಯ ಒಂದೇ ಊರಿಗೆ ಕೊಟ್ಟಿದ್ದರು. ಅಜ್ಜಿ ಸೊಪ್ಪು ಹೆಚ್ಚುತ್ತಿದ್ದಳು, ದೊಡ್ಡಜ್ಜಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಯಾರೋ ಕೇಳಿದರು: "ದೊಡ್ಡಮ್ಮ, ನಿಂಗೆ ಗದ್ದೆ ಬಂದ ಕಥೆ ಹೇಳೆ." ಆ ಕಥೆಯನ್ನು ಆಮೇಲೂ ಅವಳ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಅವಳು ಅದನ್ನು ಕಾಗೋಡಿನಿಂದಲೇ ಶುರು ಮಾಡುತ್ತಿದ್ದಳು.

1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಾಗ ಅವಳಿಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಗದ್ದೆ ಒಡೆಯರದ್ದು, ದುಡಿಮೆ ಗೇಣಿ ಒಕ್ಕಲಿನದ್ದು ಎಂಬ ಕಾಲ. ಕೊಯ್ಲಾಗಿ ಕಣದಲ್ಲಿ ಭತ್ತ ರಾಶಿ ಬಿದ್ದ ಕೂಡಲೇ ಗೇಣಿ ಅಳೆಯಬೇಕು. ಆ ಅಳತೆಯ ಕೊಳಗವೇ ಜಗಳದ ಮೂಲ. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಎಂದು ಕಾಗೋಡಿನ ಒಕ್ಕಲುಗಳು ತಿರುಗಿ ನಿಂತರು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಜೊತೆಗೆ ನಿಂತರು. ಆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು.

"ಗಂಡಸ್ರು ಜೈಲಿಗೆ ಹೋದ್ರು ಅಂತ ಎಲ್ರೂ ಹೇಳ್ತಾರೆ. ಜೈಲಿಗೆ ಹೋದೋರ ಮನೆ ದನಕ್ಕೆ ಹುಲ್ಲು ಹಾಕಿದ್ದು ಯಾರು, ಮಕ್ಕಳಿಗೆ ಗಂಜಿ ಕಾಸಿದ್ದು ಯಾರು, ಅದ ಯಾರೂ ಬರ್ಕೊಳ್ಳಲ್ಲ" ಎಂದು ದೊಡ್ಡಜ್ಜಿ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು.

ಅವಳ ಗಂಡ ಒಂದು ಮಳೆಗಾಲದ ಜ್ವರದಲ್ಲಿ ತೀರಿಕೊಂಡ. ಮಕ್ಕಳು ಸಣ್ಣವು. ಗಂಡ ಮತ್ತು ಮೈದುನ ಸೇರಿ ಮಾಡುತ್ತಿದ್ದ ಗೇಣಿ ಗದ್ದೆ ಮುಂದುವರಿಯಿತು. ಗಂಡನ ಪಾಲಿಗೆ ಬಂದಿದ್ದ ಹೊಳೆಬದಿಯ ತಾಕುಗಳನ್ನು ಅವಳೇ ನೋಡಿಕೊಂಡಳು. ಉಳುವುದಕ್ಕೆ ಆಳು ಕರೆದಳು, ಎತ್ತು ಇಲ್ಲದ ವರ್ಷ ನೆರೆಮನೆಯ ಜೋಡಿ ತಂದು ಬದಲಿಗೆ ಅವರ ಮನೆಯ ನಾಟಿಗೆ ಹೋದಳು. ಬಿತ್ತದ ಭತ್ತ ಆರಿಸಿ ಇಡುವುದು, ಅಗೆ ಹಾಕುವುದು, ಅಗೆ ಕೀಳುವುದು, ನಾಟಿ, ಕಳೆ, ಕೊಯ್ಲು, ಒಕ್ಕಲು, ಕೇರುವುದು ಎಲ್ಲದರಲ್ಲೂ ಅವಳ ಕೈ. ಗೇಣಿ ಮಾತ್ರ ಮೈದುನನೇ ಗಾಡಿಯಲ್ಲಿ ಹೊಡೆದುಕೊಂಡು ಹೋಗಿ ಒಡೆಯರ ಮನೆಗೆ ಅಳೆದು ಬರುತ್ತಿದ್ದ. ಹಾಗಾಗಿ ಗೇಣಿ ಚೀಟಿ ಇದ್ದರೆ ಅದು ಮೈದುನನ ಹೆಸರಿಗೆ. ಆ ಚೀಟಿಗೆ ಅಷ್ಟು ಬೆಲೆ ಇದೆ ಎಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ.

ಬೆಲೆ ಗೊತ್ತಾದದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿತು. ಅದನ್ನು ಸಾಗುವಳಿ ಮಾಡುತ್ತಿದ್ದ ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಷನ್ ಕೊಟ್ಟರೆ, ತಾಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಊರೂರಲ್ಲೂ ಡಿಕ್ಲರೇಷನ್ನಿನದೇ ಮಾತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ನಮ್ಮ ಕಡೆಯ ಮಕ್ಕಳ ಬಾಯಲ್ಲೂ ಇತ್ತು.

ಮೈದುನ ಇಡೀ ಗದ್ದೆಗೆ ತನ್ನ ಹೆಸರಿನಲ್ಲಿ ಅರ್ಜಿ ಬರೆಸಿದ. ಅದರಲ್ಲಿ ಮೋಸದ ಯೋಚನೆ ಇರಲಿಲ್ಲ. ಮನೆಗೊಬ್ಬ ಗಂಡಸಿನ ಹೆಸರು ಬರೆಸುವುದು ಎಲ್ಲ ಮನೆಯಲ್ಲೂ ನಡೆದದ್ದೇ. ಆದರೆ ಊರಿನ ಶಾಲೆಯ ಮೇಷ್ಟ್ರೊಬ್ಬರು ಅರ್ಜಿಗಳನ್ನು ತುಂಬಿಕೊಡುತ್ತಿದ್ದರು. ಅವರು ದೊಡ್ಡಜ್ಜಿಯನ್ನು ಕರೆಸಿ ಹೇಳಿದರಂತೆ: "ನೋಡಮ್ಮ, ಗೇಣಿದಾರ ಸತ್ತರೆ ಗೇಣಿ ಹಕ್ಕು ಅವನ ವಾರಸುದಾರರಿಗೆ ಹೋಗ್ತದೆ ಅಂತ ಕಾಯ್ದೇಲೇ ಇದೆ. ನಿಮ್ಮ ಯಜಮಾನ್ರ ಪಾಲಿಗೆ ವಾರಸುದಾರರು ನೀವು, ನಿಮ್ಮ ಮಕ್ಕಳು. ಈಗ ಸುಮ್ನಿದ್ರೆ ಆಮೇಲೆ ಕೇಳಕ್ಕಾಗಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲವಂತೆ. ಮೈದುನ ಕೆಟ್ಟವನಲ್ಲ. ಅವಳ ಮಕ್ಕಳಿಗೆ ಅಂಗಿ ತಂದುಕೊಟ್ಟವನು, ಗೌರಿ ಹಬ್ಬಕ್ಕೆ ಅವಳ ತವರಿಗೆ ಗಾಡಿ ಕಟ್ಟಿದವನು. ಅವನ ಮೇಲೆ ಅರ್ಜಿ ಹಾಕಿದರೆ ಊರು ಏನನ್ನುತ್ತದೆ? ಬೆಳಗಾದ ಮೇಲೆ ಅವಳು ಅವನೆದುರಿಗೇ ಹೋಗಿ ಹೇಳಿದಳು, ಹೊಳೆಬದಿಯ ತಾಕಿಗೆ ನಾನು ಬೇರೆ ಡಿಕ್ಲರೇಷನ್ ಕೊಡ್ತೇನೆ ಎಂದು.

"ಅತ್ತಿಗೆ, ನಿಂಗೆ ನಾನೆಂತ ಕಮ್ಮಿ ಮಾಡಿದ್ದೆ?" ಎಂದು ಅವನು ಕೇಳಿದ.

"ಎಂತದೂ ಕಮ್ಮಿ ಮಾಡ್ಲಿಲ್ಲ ಮಾರಾಯ. ನೀನಿರೋ ತನಕ ನಂಗೆ ಹೆದ್ರಿಕೆ ಇಲ್ಲ. ನೀನೂ ನಾನೂ ಹೋದ ಮೇಲೆ ನನ್ನ ಮಕ್ಕಳು ನಿನ್ನ ಮಕ್ಕಳ ಹತ್ರ ಕೈ ಚಾಚ್ಬಾರ್ದು."

ಅವನು ಮಾತಾಡದೆ ಎದ್ದು ಹೋದ. ಬಹಳ ದಿನ ಎರಡು ಮನೆಗಳ ನಡುವೆ ಬೆಂಕಿಕಡ್ಡಿಯೂ ಓಡಾಡಲಿಲ್ಲ. ಹೆಂಗಸು ಕಚೇರಿ ಮೆಟ್ಟಿಲು ಹತ್ತಿದಳು ಎಂಬ ಮಾತು ಬಾವಿಕಟ್ಟೆಯ ತನಕ ಬಂತು. ನನ್ನ ಅಜ್ಜಿಯೂ ಅಕ್ಕನಿಗೆ ಬುದ್ಧಿ ಹೇಳಿದಳಂತೆ, ಬೇಡ ಕಣೆ, ಮನೆ ಒಡೀತದೆ ಎಂದು. ದೊಡ್ಡಜ್ಜಿ ಈ ಮಾತು ಹೇಳುವಾಗ ಅಜ್ಜಿ ತಲೆ ಎತ್ತದೆ ಸೊಪ್ಪು ಹೆಚ್ಚುತ್ತಲೇ ಇದ್ದಳು.

ವಿಚಾರಣೆಯ ದಿನ ಬಂತು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಆ ಕಾಯ್ದೆಯ ಒಂದು ಏರ್ಪಾಟು ದೊಡ್ಡಜ್ಜಿಯಂಥವರಿಗೆ ವರವಾಯಿತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲ ಎಂದು ಮೊದಲಿಗೆ ಬರೆದಿದ್ದರು. ದುಡ್ಡಿದ್ದ ಒಡೆಯರು ದೊಡ್ಡ ವಕೀಲರನ್ನು ತಂದರೆ ಗೇಣಿದಾರ ಬಾಯಿ ಬಿಡಲಾರ ಎಂಬ ಕಾಳಜಿ ಅದರ ಹಿಂದಿತ್ತು. ಹಾಗಾಗಿ ಅವಳ ಪರವಾಗಿ ಅವಳೇ ಮಾತಾಡಬೇಕಿತ್ತು.

ಒಡೆಯರ ಕಡೆಯವರು ಹೇಳಿದ್ದು ಒಂದೇ ಮಾತು: ನಾವು ಹೆಂಗಸಿಗೆ ಗೇಣಿಗೆ ಕೊಟ್ಟಿಲ್ಲ, ಚೀಟಿಯಲ್ಲಿ ಇವಳ ಹೆಸರಿಲ್ಲ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಇರಬೇಕಿತ್ತು. ಅಲ್ಲೂ ಅವಳಿರಲಿಲ್ಲ. ಕಾಗದ ಎಂಬುದು ಅವಳ ಹತ್ತಿರ ಏನೂ ಇರಲಿಲ್ಲ. ಸದಸ್ಯರೊಬ್ಬರು ಕೇಳಿದರು: "ಗದ್ದೆ ಉಳೋದು ಯಾರಮ್ಮ? ನೀನು ನೇಗಿಲು ಹಿಡೀತೀಯಾ?"

ಹೆಂಗಸು ನೇಗಿಲು ಮುಟ್ಟಬಾರದು ಎಂಬ ಕಟ್ಟಳೆ ನಮ್ಮಲ್ಲಿ ಗಟ್ಟಿಯಾಗಿದ್ದ ಕಾಲವದು. ಉಳುಮೆಯೊಂದನ್ನೇ ಸಾಗುವಳಿ ಎಂದು ಎಣಿಸಿದರೆ ಭತ್ತ ಬೆಳೆಯುವ ಯಾವ ಹೆಂಗಸೂ ರೈತಳಾಗುವುದಿಲ್ಲ. ದೊಡ್ಡಜ್ಜಿ ಹೇಳಿದಳು: "ಇಲ್ಲ ಸ್ವಾಮಿ, ನೇಗಿಲು ಹಿಡಿಯೋದು ಆಳು. ಅವಂಗೆ ಕೂಲಿ ಕೊಡೋದು ನಾನು. ಯಾವ ತಾಕು ಮೊದ್ಲು ಉಳ್ಬೇಕು ಅಂತ ಹೇಳೋದೂ ನಾನೇ."

ಅವಳಿಗೆ ಗೊತ್ತಿಲ್ಲದೆಯೇ ಆ ಉತ್ತರ ಕಾಯ್ದೆಗೆ ಹೊಂದಿಕೊಂಡಿತ್ತು. ಸ್ವಂತ ಸಾಗುವಳಿ ಎಂದರೆ ತಾನೇ ದುಡಿಯುವುದು, ಮನೆಯವರಿಂದ ದುಡಿಸುವುದು, ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಕೂಲಿ ಕೊಟ್ಟು ಮಾಡಿಸುವುದು. ಕೂಲಿ ಹಣವಾಗಿಯೋ ಕಾಳಾಗಿಯೋ ಇರಬಹುದು, ಬೆಳೆಯ ಪಾಲಿನ ಲೆಕ್ಕದಲ್ಲಿ ಇರಬಾರದು, ಅಷ್ಟೆ. ಕಾಯ್ದೆ ನೇಗಿಲನ್ನು ಕೇಳಿರಲಿಲ್ಲ. ಕೇಳಿದ್ದು ರೂಢಿ.

ಮಂಡಳಿಯವರು ಸ್ಥಳ ತನಿಖೆಗೆ ಬರುತ್ತೇವೆ ಎಂದರು. ಬಂದದ್ದು ನಾಟಿ ಮುಗಿದ ಮೇಲೆ, ಮಳೆ ಹಿಡಿದಿದ್ದಾಗ. ಗದ್ದೆಯ ಅಂಚು ಜಾರುತ್ತಿತ್ತು. ದೊಡ್ಡಜ್ಜಿ ಗೊರಬು ಹೊದ್ದು ಮುಂದೆ ಮುಂದೆ ನಡೆದಳು, ಸಾಹೇಬರು ಕೊಡೆ ಹಿಡಿದು ಹಿಂದೆ. ಊರಿಗೆ ಊರೇ ಸೇರಿತ್ತು.

ಸಾಹೇಬರು ಕೇಳಿದರು: "ಇಲ್ಲಿ ಯಾವ ಭತ್ತ ಹಾಕಿದೀರಿ?"

"ಹೊಳೆಗೆ ತಾಗಿದ ತಾಕಿಗೆ ನೆರೆಗುಳಿ. ಅಲ್ಲಿ ನೀರು ನಿಂತ್ರೆ ಬೇರೆ ಭತ್ತ ಕೊಳೀತದೆ, ಇದು ತಡ್ಕೋತದೆ. ಅದ್ರ ಮೇಲಿನ ತಾಕಿಗೆ ಏಡಿಕುಣಿ."

"ಬಿತ್ತದ ಭತ್ತ ಎಷ್ಟು ಬೇಕು?" ಅವಳು ತಾಕು ತಾಕಿಗೂ ಕೊಳಗದ ಲೆಕ್ಕ ಹೇಳಿದಳು. "ನಾಟಿಗೆ ಎಷ್ಟು ಜನ ಬಂದಿದ್ರು?" ಬಂದವರ ಹೆಸರು ಹೇಳಿದಳು, ಅವರಲ್ಲಿ ಅಂಚಿನ ಮೇಲೆ ನಿಂತಿದ್ದವರನ್ನು ಕೈ ತೋರಿಸಿದಳು. ಯಾರಿಗೆ ಕೂಲಿ ಕೊಟ್ಟದ್ದು, ಯಾರ ಮನೆಗೆ ಮುಯ್ಯಾಳು ಹೋಗಬೇಕಾದ್ದು ಎಂದೂ ಹೇಳಿದಳು. ಎಲ್ಲಿ ಏಡಿ ಅಂಚು ತೂತು ಮಾಡುತ್ತದೆ, ಯಾವ ಮೂಲೆಯಲ್ಲಿ ನೀರು ಬಿಟ್ಟರೆ ಯಾವ ತಾಕು ತುಂಬುತ್ತದೆ, ಹಿಂದಿನ ನೆರೆಯಲ್ಲಿ ಎಲ್ಲಿಯವರೆಗೆ ಮರಳು ಕೂತಿತ್ತು, ಅದನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದವರು ಯಾರು, ಎಲ್ಲವನ್ನೂ ನಡೆಯುತ್ತ ನಡೆಯುತ್ತ ತೋರಿಸಿದಳು.

ಆಮೇಲೆ ಸಾಹೇಬರು ಮೈದುನನನ್ನು ಕರೆದು ಅದೇ ಪ್ರಶ್ನೆಗಳನ್ನು ಕೇಳಿದರು. ತನ್ನ ಗದ್ದೆಯ ಲೆಕ್ಕವನ್ನು ಅವನು ತಪ್ಪಿಲ್ಲದೆ ಹೇಳಿದ. ಹೊಳೆಬದಿಯ ತಾಕಿನ ವಿಷಯ ಬಂದಾಗ ಒಂದು ಗಳಿಗೆ ಸುಮ್ಮನಿದ್ದು, "ಅದೆಲ್ಲ ಅತ್ತಿಗೇನೇ ನೋಡ್ಕೋತಾರೆ ಸ್ವಾಮಿ" ಎಂದ.

ಕಥೆ ಇಲ್ಲಿಗೆ ಬಂದಾಗ ದೊಡ್ಡಜ್ಜಿಯ ಕಣ್ಣು ತುಂಬುತ್ತಿತ್ತು. "ಅವ ಸುಳ್ಳು ಹೇಳ್ಬೋದಿತ್ತು. ಹೇಳ್ಲಿಲ್ಲ. ಭೂಮಿ ಮೇಲೆ ನಿಂತು ಸುಳ್ಳು ಹೇಳಕ್ಕೆ ಅವಂಗೆ ಬಾಯಿ ಬರ್ಲಿಲ್ಲ" ಎನ್ನುತ್ತಿದ್ದಳು. ಸಾಹೇಬರು ಆ ಮಾತನ್ನೇ ಬರೆದುಕೊಂಡರು. ಹೊಳೆಬದಿಯ ತಾಕುಗಳ ಅಧಿಭೋಗದಾರಿಕೆ ಹಕ್ಕು ಅವಳಿಗೆ ಎಂದು ಆದೇಶವಾಯಿತು. ಮುಂದೆ ನಮೂನೆ 10ರ ಪತ್ರ ಅವಳ ಹೆಸರಿನಲ್ಲಿ ಬಂತು, ಮಾಲೀಕರ ಹೆಸರು ಬರೆಯುವ ಪಹಣಿಯ 9ನೇ ಕಾಲಂನಲ್ಲಿ ಅವಳ ಹೆಸರು ಕೂತಿತು. ಮುನಿಸಿಕೊಂಡಿದ್ದ ಮೈದುನ ಆ ವರ್ಷದ ಕೊಯ್ಲಿಗೆ ತಾನಾಗಿಯೇ ಕತ್ತಿ ಹಿಡಿದು ಅವಳ ಗದ್ದೆಗೆ ಇಳಿದ.

ದೊಡ್ಡಜ್ಜಿಯ ಕಥೆ ಇಷ್ಟು. ಅದರ ಪಕ್ಕದಲ್ಲೇ ಕೂತು ಸೊಪ್ಪು ಹೆಚ್ಚುತ್ತಿದ್ದ ನನ್ನ ಅಜ್ಜಿಯ ಕಥೆಯನ್ನು ಯಾರೂ ಹೇಳಲಿಲ್ಲ. ಅದನ್ನು ನಾನು ಹೇಳಬೇಕು.

ಅಜ್ಜಿಯೂ ಅದೇ ಹೊಳೆಯ ದಂಡೆಯಲ್ಲಿ, ಅದೇ ಮಳೆಯಲ್ಲಿ, ಅಷ್ಟೇ ವರ್ಷ ನಾಟಿ ಮಾಡಿದವಳು. ಅಜ್ಜ ಗಟ್ಟಿಮುಟ್ಟಾಗಿದ್ದರು. ಡಿಕ್ಲರೇಷನ್ ಅವರ ಹೆಸರಿನಲ್ಲಿ ಹೋಯಿತು, ಹಕ್ಕುಪತ್ರವೂ ಅವರ ಹೆಸರಿನಲ್ಲಿ ಬಂತು. ಅಜ್ಜಿಯ ಹೆಸರು ಆ ಕಾಗದಗಳಲ್ಲಿ ಎಲ್ಲೂ ಬೇಕಾಗಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಅವಳು ಹೆಬ್ಬೆಟ್ಟು ಒತ್ತಿ ಗಂಡುಮಕ್ಕಳ ಹೆಸರಿಗೆ ಬಿಟ್ಟುಕೊಟ್ಟಳು. ನನ್ನ ಅತ್ತೆಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಸೀರೆ ಉಟ್ಟು ಹೋದರು. ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ಹಾಗೆ ಮಾಡುವುದೇ ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು.

ಅಲ್ಲಿಂದ ಇಬ್ಬರು ಅಕ್ಕತಂಗಿಯರ ಬದುಕು ಬೇರೆಯಾಯಿತು. ದೊಡ್ಡಜ್ಜಿ ಸಹಕಾರ ಸಂಘದ ಸದಸ್ಯೆಯಾದಳು. ಪಹಣಿ ತೋರಿಸಿ ಬೆಳೆ ಸಾಲ ತಂದಳು, ಗೊಬ್ಬರ ತಂದಳು. ನೆರೆ ಬಂದ ವರ್ಷ ಪರಿಹಾರದ ಪಟ್ಟಿಯಲ್ಲಿ ಅವಳ ಹೆಸರು ಕೂಗಿದರು. ನಮ್ಮ ಮನೆಯಲ್ಲಿ ಗದ್ದೆಗೆ ಇಳಿಯುತ್ತಿದ್ದವಳು ಅಜ್ಜಿಯೇ. ಪರಿಹಾರದ ಚೆಕ್ ಮಾತ್ರ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಹೆಸರಿಗೆ ಬಂತು. ಸಂಘಕ್ಕೆ ಹೋಗಿ ಬೀಜ ಕೇಳಬೇಕಿದ್ದರೂ ಅವಳು ಮಗ ಊರಿಗೆ ಬರುವುದನ್ನು ಕಾಯಬೇಕಿತ್ತು.

ನಮ್ಮ ಕಡೆ ಶುಂಠಿಯ ಹಂಗಾಮ ಶುರುವಾದಾಗ ಇದು ಇನ್ನೂ ಕಣ್ಣಿಗೆ ಹೊಡೆಯಿತು. ಭತ್ತದ ಗದ್ದೆಗಳನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟರೆ ಒಮ್ಮೆಲೇ ಹಣ ಬರುತ್ತಿತ್ತು. ದೊಡ್ಡಜ್ಜಿಯ ಮಕ್ಕಳೂ ಕೇಳಿದರು. ಹೊಳೆಬದಿಯ ಗದ್ದೆ ಭತ್ತಕ್ಕೆ ಆದದ್ದು, ಶುಂಠಿಗೆ ಮದ್ದು ಸುರಿದು ಮಣ್ಣು ಕೆಡಿಸಲು ಕೊಡುವುದಿಲ್ಲ ಎಂದಳು. ಅವಳ ಸಹಿ ಇಲ್ಲದೆ ಕರಾರು ಆಗುವಂತಿರಲಿಲ್ಲ, ಆಗಲಿಲ್ಲ. ಅಜ್ಜಿಯೂ ಬೇಡ ಎಂದಳು. ಅವಳ ಬೇಡವನ್ನು ಕೇಳಿಸಿಕೊಳ್ಳಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ. ಗದ್ದೆ ಗುತ್ತಿಗೆಗೆ ಹೋಯಿತು. ಮನೆಯ ಅಕ್ಕಿಯನ್ನು ಅಂಗಡಿಯಿಂದ ತಂದದ್ದು ಆ ವರ್ಷವೇ ಮೊದಲು.

ಈ ಇಬ್ಬರಲ್ಲಿ ಒಬ್ಬಳು ಜಾಣೆ, ಇನ್ನೊಬ್ಬಳು ಸಾಧು ಎಂದು ನಮ್ಮವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಿತ್ತದ ಭತ್ತ ಆರಿಸುವುದರಲ್ಲಿ ಅಜ್ಜಿಯ ಕೈ ಅಕ್ಕನಿಗಿಂತ ಮೇಲು ಎಂದು ದೊಡ್ಡಜ್ಜಿಯೇ ಹೇಳುತ್ತಿದ್ದಳು. ಒಬ್ಬಳ ಹೆಸರು ಪಹಣಿಯಲ್ಲಿತ್ತು, ಇನ್ನೊಬ್ಬಳ ಹೆಸರು ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಅಜ್ಜಿಯಂಥವರೇ ದೇಶದ ತುಂಬ ಇದ್ದಾರೆ. 2017-18ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು 73 ಮಂದಿ ಕೃಷಿಯಲ್ಲಿದ್ದರು. ಗಂಡಸರಲ್ಲಿ ಆ ಲೆಕ್ಕ 55. ಆದರೆ 2015-16ರ ಕೃಷಿ ಗಣತಿಯಲ್ಲಿ ಸಾಗುವಳಿ ಹಿಡುವಳಿಗಳ ಪೈಕಿ ಹೆಂಗಸರ ಕೈಯಲ್ಲಿದ್ದವು ನೂರಕ್ಕೆ 14ರಷ್ಟು, ವಿಸ್ತೀರ್ಣದ ಲೆಕ್ಕದಲ್ಲಿ ಇನ್ನೂ ಕಡಿಮೆ, 12ರೊಳಗೆ. ಗದ್ದೆಗೆ ಇಳಿದವರ ಲೆಕ್ಕಕ್ಕೂ ಗದ್ದೆ ಉಳ್ಳವರ ಲೆಕ್ಕಕ್ಕೂ ಇಷ್ಟು ದೂರ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಬರುವುದೂ ಭೂ ದಾಖಲೆಯಲ್ಲಿ ಹೆಸರಿದ್ದರೆ. ಬೇಸಾಯ ಮಾಡುವ ಹೆಂಗಸನ್ನು ಜಮೀನಿನ ಕಾಗದ ಇಲ್ಲದಿದ್ದರೂ ರೈತಳೆಂದು ಗುರುತಿಸಿ ಪ್ರಮಾಣಪತ್ರ ಕೊಡಬೇಕೆಂದು ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ.

ಕಾಯ್ದೆಗಳು ನಿಂತಲ್ಲೇ ನಿಂತಿವೆ ಎಂದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಗಂಡುಹೆಣ್ಣು ಮಕ್ಕಳಿಗೂ ಸಮಪಾಲು ಕೊಟ್ಟಿತು. ಆದರೆ ಗೇಣಿ ಹಕ್ಕಿನ ವಾರಸುದಾರಿಕೆಯನ್ನು ಆಯಾ ರಾಜ್ಯದ ಭೂ ಕಾಯ್ದೆಗಳಿಗೆ ಬಿಟ್ಟಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆಗಲೇ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು, ಕೃಷಿ ಭೂಮಿಯ ವಿಚಾರದಲ್ಲಿ 1956ರ ಕಾಯ್ದೆಯಲ್ಲಿದ್ದ ಆ ವಿನಾಯಿತಿಯನ್ನೂ ಅಳಿಸಿತು. ಆ ತಿದ್ದುಪಡಿ ಬರುವಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ದೊಡ್ಡಜ್ಜಿಗೆ ಮೇಷ್ಟ್ರ ಒಂದು ಮಾತು ಮಾತ್ರ ಆಸರೆಯಾಗಿತ್ತು. ಇಂದಿನ ಹೆಣ್ಣುಮಕ್ಕಳಿಗೆ ಇಡೀ ಕಾನೂನಿನ ಆಸರೆ ಇದೆ. ಆದರೂ ಪೌತಿ ಖಾತೆಯ ದಿನ ಹೆಬ್ಬೆಟ್ಟು ಮತ್ತು ಬಿಡುಗಡೆ ಪತ್ರದ ಸಹಿ ನಿಂತಿಲ್ಲ, ಏಕೆಂದರೆ ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ನಿಂತಿಲ್ಲ. ಆ ಭಯವನ್ನು ಕೋರ್ಟು ತೆಗೆಯಲಾರದು. ಅಣ್ಣತಮ್ಮಂದಿರು ತೆಗೆಯಬಲ್ಲರು.

ಆದ್ದರಿಂದ ಓದುವ ಗಂಡಸರಲ್ಲಿ ನನ್ನ ಬೇಡಿಕೆ ಇದೆ. ನಿಮ್ಮ ಗದ್ದೆಯ ಪಹಣಿ ತೆಗೆಸಿ 9ನೇ ಕಾಲಂ ಓದಿ. ನೀವು ಬದುಕಿರುವಾಗಲೇ ಹೆಂಡತಿಯ ಹೆಸರು ಸೇರಿಸುವ ಏರ್ಪಾಟು ಮಾಡಿ, ಕುಟುಂಬದೊಳಗಿನ ದಾನಪತ್ರಕ್ಕೂ ವಿಭಾಗಪತ್ರಕ್ಕೂ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ತಂದೆ ತೀರಿಕೊಂಡಾಗ ವಂಶವೃಕ್ಷದಲ್ಲಿ ಅಮ್ಮನನ್ನೂ ಅಕ್ಕತಂಗಿಯರನ್ನೂ ಬರೆಸಿ, ಖಾತೆಯಲ್ಲೂ ಬರೆಸಿ. ಹೆಂಗಸರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು: ಓದಿಸಿ ಕೇಳದ ಕಾಗದಕ್ಕೆ ಸಹಿ ಹಾಕಬೇಡಿ. ಹೊಳೆಬದಿಯ ಆ ಗದ್ದೆಯ ಖಾತೆ ಇಂದು ದೊಡ್ಡಜ್ಜಿಯ ಮಗ ಮತ್ತು ಮಗಳು ಇಬ್ಬರ ಹೆಸರಿನಲ್ಲೂ ಜಂಟಿಯಾಗಿದೆ, ಅಲ್ಲಿ ಇಂದಿಗೂ ಭತ್ತ ಬೆಳೆಯುತ್ತಾರೆ.